ಮೀನಾಜ್ ಬಾಯಿ ಬಿಟ್ಟ ದಿನ

ಬಸವಕಲ್ಯಾಣ
14 ಜುಲೈ 2024

ಪ್ರಿಯ ಬಸವಕುಮಾರ,

ಮೊದಲು ತಪ್ಪೊಪ್ಪಿಗೆ. ಮೋರಖಂಡಿಯ ಅಂಗನವಾಡಿಯಲ್ಲಿ ತಾಯಂದಿರಿಗೆ ತೋರಿಸಲೆಂದು ಇಟ್ಟಿದ್ದ ಬೇಯಿಸಿದ ಮೊಟ್ಟೆಯನ್ನು ನಾನು, ಅಂದರೆ ಪೌಷ್ಟಿಕ ಆಹಾರದ ತರಬೇತುದಾರ ಫೈಜಲ, ಪೂರ್ಣ ಪ್ರಜ್ಞೆಯಿಂದ, ಉಪ್ಪು ಹಚ್ಚಿಕೊಂಡು ತಿಂದಿದ್ದೇನೆ. ಎರಡು ತಿಂಗಳು ಪತ್ರ ಬರೆಯದ ಅಪರಾಧವನ್ನೂ ಅದರ ಜೊತೆಗೇ ವಿಚಾರಣೆಗೆ ತೆಗೆದುಕೋ. ಹುಮನಾಬಾದಿನಲ್ಲಿ ನೀನೂ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಗುತ್ತೀ, ನನಗೆ ಅದು ಕೇಳಿಸುತ್ತದೆ.

ನನಗೆ ಮೋಸವಾಗಿದೆ, ಬಸು. ಅದೂ ಮನೆಯೊಳಗೆ.

ಎರಡು ತಾಲ್ಲೂಕಿನಲ್ಲಿ ಮಕ್ಕಳಿಗೆ ಉಣಿಸುವುದನ್ನು ನನ್ನಷ್ಟು ಬಲ್ಲವರಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆನಲ್ಲ? ಸಾಕ್ಷಿಗೆಂದು ಕಳೆದ ಮಂಗಳವಾರ ನನ್ನ ಹನ್ನೊಂದು ತಿಂಗಳ ಮಗಳು ಮೀನಾಜಳನ್ನೂ ಹೆಂಡತಿ ಇಶ್ರತಳನ್ನೂ ಮೋರಖಂಡಿಗೆ ಕರೆದೊಯ್ದೆ. ಅಕ್ಕಿ, ತೊಗರಿಬೇಳೆ, ನುಗ್ಗೆಸೊಪ್ಪು ಮೆತ್ತಗೆ ಬೇಯಿಸಿ, ತುಪ್ಪ ಬಿಟ್ಟು, ಚಮಚ ಓರೆ ಮಾಡಿದರೂ ಜಾರಬಾರದು, ಅಷ್ಟು ಗಟ್ಟಿಯಿರಬೇಕು ಎಂದು ವಿವರಿಸಿದೆ. ಇಶ್ರತ್ ಚಮಚ ಒಡ್ಡಿದಳು. ಮಗು ಮುಖ ತಿರುಗಿಸಿತು. ಅಷ್ಟರಲ್ಲಿ ಅಂಗನವಾಡಿಯ ಕಾರ್ಯಕರ್ತೆ ಸುಂದರಬಾಯಿ ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡು ಬಿಸ್ಕೀಟು ಅದ್ದಿದರು. ಮೀನಾಜ್ ತಾಯಿಯ ತೊಡೆಯಿಂದಿಳಿದು, ಅಂಬೆಗಾಲಿಡುತ್ತ ಹೋಗಿ ಅವರ ಮುಂದೆ ಕುಳಿತು ಬಾಯಿ ಬಿಟ್ಟಳು. ಎರಡೂ ಅರ್ಥದಲ್ಲಿ.

ಸುಂದರಬಾಯಿ ದನಿ ತಗ್ಗಿಸಿ, "ಸರ್, ಕೂಸಿಗಿ ಚಹಾದ ರೂಢಿ ಐತ್ರಿ" ಎಂದರು. ಕುಳಿತಿದ್ದ ಇಪ್ಪತ್ತೆರಡು ತಾಯಂದಿರ ಸೆರಗುಗಳು ಒಮ್ಮೆಲೇ ಬಾಯಿಗೆ ಹೋದವು. ತೂಗಿದರೆ ಆರು ಕಿಲೋ ಎಂಟುನೂರು ಗ್ರಾಂ. ಅವಳ ತೂಕದ ಕಾರ್ಡಿನ ಪ್ರಕಾರ ಎರಡು ತಿಂಗಳಿಂದ ಏರಿಲ್ಲವಂತೆ; ನಕ್ಷೆಯ ಚುಕ್ಕೆ ಕಡಿಮೆ ತೂಕದ ಹಳದಿ ಪಟ್ಟಿಗೆ ಇಳಿದಿದೆ. ಬರುವ ತಿಂಗಳೂ ಹೀಗೇ ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಲಗಿಸಬೇಕು ಎಂದರು. ಊರೂರಲ್ಲಿ ತೂಕದ ಮಾತಾಡುವವನ ಮಗಳಿಗೇ ತೂಕವಿಲ್ಲ.

ಮನೆಗೆ ಬಂದು ವಿಚಾರಿಸಿದೆ. ಅಮ್ಮ ಕುಲ್ಸುಮ್ ಬೀ ಏನೂ ಮುಚ್ಚಿಡಲಿಲ್ಲ. ಹಲ್ಲಿಲ್ಲದ ಮಗುವಿಗೆ ಗಟ್ಟಿ ಅನ್ನ ಗಂಟಲಿಗೆ ಸಿಕ್ಕೀತೆಂದು ಅವಳೇ ದಿನಾ ಮೂರು ಹೊತ್ತು ಚಹಾ-ಬಿಸ್ಕೀಟು ಕೊಡುತ್ತಿದ್ದಳಂತೆ. ನಾನು ಬೆಳೆದದ್ದೂ ಹಾಗೆಯೇ ಅಂತೆ. ಅದನ್ನು ಸಹಿಸಬಲ್ಲೆ. ಇಶ್ರತಳದ್ದನ್ನು ಸಹಿಸಲಾರೆ. ಐದು ತಿಂಗಳಿಂದ ಪ್ರತಿ ಸಂಜೆ ನಾನು ಕೇಳುತ್ತಿದ್ದೆ, ಅವಳು ಮುಗುಳ್ನಗುತ್ತ "ತಿಂದಾಳ್ರಿ" ಎನ್ನುತ್ತಿದ್ದಳು. ಆ ಮಾತನ್ನೇ ನಾನು ನಲವತ್ತು ಊರುಗಳಲ್ಲಿ ಉದಾಹರಣೆಯಾಗಿ ಬಡಿಸಿದ್ದೇನೆ.

ಯಾಕೆ ಸುಳ್ಳು ಹೇಳಿದೆ ಎಂದೆ. ಬಟ್ಟೆ ಮಡಿಸುವುದನ್ನು ನಿಲ್ಲಿಸದೆ ಹೇಳಿದಳು: "ಉಗುಳಾಕತ್ತಾಳ ಅಂತ ಮೊದಲನೇ ವಾರಾನೇ ಹೇಳಿದ್ನಿರಿ. ಎಲ್ಲಾ ತಾಯಂದಿರೂ ಹಿಂಗೇ ಅಂತಾರ ಅಂದು ಅರ್ಧ ತಾಸು ಪಾಠ ಹೇಳಿದ್ರಿ. ಮಾರನೇ ದಿನ ತಿಂದಾಳ ಅಂದೆ. ನೀವು ಸುಮ್ಮನಾದ್ರಿ."

ಐದು ದಿನದಿಂದ ಅವಳೊಡನೆ ಮಾತು ಬಿಟ್ಟಿದ್ದೇನೆ. ನೀನೇ ಹೇಳು, ತಪ್ಪು ಯಾರದು? ನನ್ನದೆನ್ನುವುದಾದರೆ ಉತ್ತರ ಬರೆಯಬೇಡ.

ನಿನ್ನ ಮಕ್ಕಳು ತಟ್ಟೆ ಖಾಲಿ ಮಾಡುವವರಾಗಲಿ, ನಿನ್ನ ಮನೆಯಲ್ಲಿ ಯಾರೂ ನಿನಗೆ ಸುಳ್ಳು ಹೇಳುವ ಅಗತ್ಯ ಬಾರದಿರಲಿ.

ನಿನ್ನ
ಫೈಜಲ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಇವತ್ತು ಬೆಳಿಗ್ಗೆ ಇಶ್ರತ್ ಬಟ್ಟಲು ನನ್ನ ಕೈಗಿಟ್ಟು ನೀರು ತರಲು ಹೋದಳು. ನಾನು ಚಮಚ ತುಂಬಿ ಮಗುವಿನ ಬಾಯಿಗೆ ತುರುಕಿದೆ. ಕೆಮ್ಮಿತು, ಅತ್ತಿತು, ಎಲ್ಲವೂ ನನ್ನ ಅಂಗಿಯ ಮೇಲೆ. ಮೂಲೆಯಲ್ಲಿದ್ದ ಅಮ್ಮ, ಕೆಳದುಟಿಗೆ ಮುಟ್ಟಿಸಿ ಕಾಯಬೇಕು, ನೂಕಬಾರದು ಎಂದಳು. ನಾನೇ ಹಂಚುವ ಕರಪತ್ರದ ಮೂರನೇ ಸಾಲು ಅದು. ಐದು ವರ್ಷದ ತರಬೇತಿಯಲ್ಲಿ ಚಮಚ ಯಾವಾಗಲೂ ತಾಯಂದಿರ ಕೈಯಲ್ಲಿತ್ತು, ಬಸು. ನಾನು ಯಾವ ಮಗುವಿಗೂ ಒಂದು ತುತ್ತು ಉಣಿಸಿದವನಲ್ಲ. ಮೀನಾಜಳಿಗೂ ಇದೇ ಮೊದಲು.