ಒಂದು ಗಜ ಬಾಕಿ ಇದ್ದಾಗ

ಲಿಬುಶಾ, ನೆಬ್ರಾಸ್ಕ
ಮಂಗಳವಾರ, 12 ನವೆಂಬರ್ 2013

ಪ್ರೀತಿಯ ಜೋಲೀನ್,

ಹಡಗಿನ ಓಲಾಟಕ್ಕೆ ಹೊಟ್ಟೆ ಒಗ್ಗಿತೇ? ಮೀನು ಎಣಿಸಿ ಎಣಿಸಿ ಬೆರಳಸಂದುಗಳೆಲ್ಲ ಉಪ್ಪುನೀರಿಗೆ ಬಿರಿದಿವೆ ಎಂದು ನೀನು ಬರೆದಿದ್ದೆ. ಮುಲಾಮು ಕಳಿಸಿದ್ದೇನೆ. ಹಚ್ಚಿಕೊಂಡು ಉಣ್ಣೆಯ ಕೈಗವಸು ಹಾಕಿಕೊಂಡು ಮಲಗು, ಹಡಗಿನ ಗಂಡಸರು ನಕ್ಕರೆ ನಗಲಿ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ನಿಮ್ಮಪ್ಪ ಗುಂಡುಕಲ್ಲಿನ ಹಾಗಿದ್ದಾನೆ, ಮೂರು ಹೊತ್ತೂ ಬಡಿಸಿಕೊಂಡು ತಿನ್ನುತ್ತಿದ್ದಾನೆ. ಅವನಿಗೆ ಊಟ ಸೇರುತ್ತಿರುವುದನ್ನು ಕಂಡೇ ನನಗೆ ವಾಕರಿಕೆ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದವಳು ಮಗಳಿಗೆ ಬರೆಯುವ ಮಾತಲ್ಲ, ಗೊತ್ತು. ಆದರೆ ಇದರಲ್ಲಿ ನಿನ್ನ ಹೆಸರೂ ಬಂದಿದೆ. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದ ಕೇಳು.

ಶುಕ್ರವಾರ ಮಧ್ಯಾಹ್ನ ನಿಮ್ಮಪ್ಪ ಆಡಿಸುವ ನಮ್ಮ ಶಾಲೆಯ ಹುಡುಗರಿಗೂ ಎಲ್ಡೆನ್ ಊರಿನವರಿಗೂ ಫುಟ್‌ಬಾಲ್ ಪಂದ್ಯ. ಗೆದ್ದಿದ್ದರೆ ರಾಜ್ಯದ ಸೆಮಿಫೈನಲ್ಲಿಗೆ ಹೋಗುತ್ತಿದ್ದರು. ಹುಲ್ಲೆಲ್ಲ ನೆನೆದು ಜಾರುತ್ತಿತ್ತು. ನಾನು ಎಂದಿನಂತೆ ಪ್ರೇಕ್ಷಕರ ಸಾಲುಗಳ ಮೇಲಿನ ಗೂಡಿನಲ್ಲಿ ಕುಳಿತು ಒಂದೊಂದು ಆಟವನ್ನೂ ಪುಸ್ತಕಕ್ಕೆ ಇಳಿಸುತ್ತಿದ್ದೆ. ಎರಡು ನಿಮಿಷ ಬಾಕಿ ಇದ್ದಾಗ ನಾವು ನಾಲ್ಕು ಅಂಕ ಮುಂದಿದ್ದೆವು. ಚೆಂಡು ನಮ್ಮದೇ, ಮೈದಾನದ ನಟ್ಟನಡುವೆ. ನಾಲ್ಕು ಯತ್ನಗಳಲ್ಲಿ ದಾಟಬೇಕಾದ ಹತ್ತು ಗಜದಲ್ಲಿ ಮೂರರಲ್ಲೇ ಒಂಬತ್ತು ದಾಟಿಯಾಗಿತ್ತು. ನಾಲ್ಕನೆಯದರಲ್ಲಿ ಓಡಿ ಉಳಿದ ಒಂದು ಗಜ ದಕ್ಕಿಸಿಕೊಂಡಿದ್ದರೆ ಚೆಂಡು ನಮ್ಮಲ್ಲೇ ಉಳಿದು ಪಂದ್ಯ ಹೆಚ್ಚುಕಡಿಮೆ ಮುಗಿದ ಹಾಗೆ. ದಕ್ಕದಿದ್ದರೆ ಅಲ್ಲೇ ಅವರ ಪಾಲು. ಇವೆರಡೂ ಬೇಡವೆಂದರೆ ದೂರ ಒದ್ದು, ಚೆಂಡನ್ನು ನಾವಾಗಿಯೇ ಅವರ ಕೈಗೆ ಕೊಡುವುದು.

ಇಂಥ ಗಳಿಗೆಗೆಂದೇ ಅಲ್ಲವೇ ಆಗಸ್ಟಿನಲ್ಲಿ ನೀನು ಆ ಕೋಷ್ಟಕ ಮಾಡಿಕೊಟ್ಟದ್ದು? ನನ್ನ ಹನ್ನೊಂದು ವರ್ಷದ ಪುಸ್ತಕಗಳನ್ನು ಊಟದ ಮೇಜಿನ ತುಂಬ ಹರಡಿಕೊಂಡು, ರಜೆಯನ್ನೆಲ್ಲ ಅದಕ್ಕೇ ಸುರಿದೆಯಲ್ಲ. ಬೇಕೆಂದು ಕೇಳಿದವನೂ ನಿಮ್ಮಪ್ಪನೇ. ಪ್ಲಾಸ್ಟಿಕ್ ಹೊದಿಸಿ ಎದೆಯ ಜೇಬಿನಲ್ಲಿಟ್ಟುಕೊಂಡು, ಕ್ಷೌರದಂಗಡಿಯಲ್ಲಿ ಕೂತವರಿಗೆಲ್ಲ ತೋರಿಸಿ "ನನ್ನ ಮಗಳ ತಲೆ ನೋಡ್ರೋ!" ಎಂದು ಮೆರೆದವನೂ ಅವನೇ. ಅದರಲ್ಲಿ ಸ್ಪಷ್ಟವಾಗಿತ್ತು: ಅಂಥ ಜಾಗದಲ್ಲಿ ಓಡಿದರೆ ನೂರಕ್ಕೆ ಎಂಬತ್ತಾರು ಸಲ ಗೆಲುವು, ಒದ್ದರೆ ಎಪ್ಪತ್ತಮೂರು. ನಿಮ್ಮಪ್ಪ ಜೇಬಿಗೆ ಕೈಯನ್ನೂ ಹಾಕಲಿಲ್ಲ. ಒದೆಯಿರಿ ಎಂದು ಸನ್ನೆ ಮಾಡಿದ.

ಮುಂದಿನದು ಎರಡು ನಿಮಿಷದ ಕಥೆ. ಎಲ್ಡೆನ್‌ನವರು ಚೆಂಡು ಹಿಡಿದು ಬಂದರು, ಬಂದರು, ಕೊನೆಯ ಎಸೆತ ಕಾವಲಿಗಿದ್ದ ನಮ್ಮ ಲಾನಿ ವಾಸಿಚೆಕ್‌ನ ತಲೆಯ ಮೇಲಿಂದ ಹೋಗಿ ಗೆರೆಯಾಚೆ ಅವರವನ ಕೈಸೇರಿತು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಬರ್ನಡೆಟ್ ಗೊತ್ತಲ್ಲ, ಅವಳ ಮಗ. ತಿರುಗುವಾಗ ಅವನ ಕಾಲು ಜಾರಿತು. ಅದನ್ನು ನಾನೇ ಬರೆದುಕೊಂಡಿದ್ದೇನೆ. ಸೋತೆವು. ಸೋಲಲಿ ಬಿಡು, ನಿನ್ನ ನೂರರಲ್ಲಿ ಸೋಲುವ ಪಾಲೂ ಇದ್ದೇ ಇತ್ತು. ಆದರೆ ನಿಮ್ಮಪ್ಪ ರೇಡಿಯೋದವನ ಮುಂದೆ ನಿಂತು ಏನೆಂದ ಗೊತ್ತೇ? "ನಾವು ಸರಿಯಾಗೇ ಆಡಿಸಿದ್ವಿ. ಒಬ್ಬ ಹುಡುಗ ಹೇಳಿದ ಜಾಗ ಬಿಟ್ಟ, ಅಷ್ಟೇ." ಹದಿನೇಳು ವರ್ಷದವನ ಮೇಲೆ ಇಡೀ ಊರನ್ನು ಛೂ ಬಿಟ್ಟು ಮನೆಗೆ ಬಂದು, ಹಂದಿಮಾಂಸ ತಿಂದು, ಬೆಲ್ಟು ಸಡಿಲಿಸಿಕೊಂಡು ಮಲಗಿದ.

ನಿನ್ನೆ ಚರ್ಚಿನ ನೆಲಮಾಳಿಗೆಯಲ್ಲಿ ತಂಡದ ಹಿತೈಷಿಗಳ ಊಟ. ನಮ್ಮ ದನದ ಡಾಕ್ಟರು ಮುದುಕ ಎಮಿಲ್ ಒಬ್ಬನೇ ಬಾಯಿಬಿಟ್ಟ: "ಒಂದೇ ಒಂದು ಗಜ ಕಣಯ್ಯಾ ಮೈಲೋ, ನನ್ನ ಗಬ್ಬದ ಹಸು ನುಗ್ಗಿದ್ರೂ ದಕ್ತಿತ್ತು. ಯಾಕಯ್ಯಾ ಒದ್ದೆ?" ಆಗ, ಜೋಲೀನ್, ನಿಮ್ಮಪ್ಪ ನಿನ್ನ ಕೋಷ್ಟಕವನ್ನು ಜೇಬಿನಿಂದ ತೆಗೆದು ದೂರದಿಂದಲೇ ಆಡಿಸಿದ. "ನನ್ನನ್ನ ಕೇಳ್ಬೇಡಿ, ನನ್ನ ಮಗಳನ್ನ ಕೇಳಿ. ಅವಳ ಲೆಕ್ಕವೇ ಒದೀ ಅಂದಿತ್ತು." ಯಾರೂ ಕೈಗೆ ತೆಗೆದುಕೊಂಡು ಓದಲಿಲ್ಲ. "ಮೀನು ಎಣಿಸೋಳ ಕೈಗೆ ಫುಟ್‌ಬಾಲ್ ಕೊಟ್ರೆ ಇನ್ನೇನಾಗುತ್ತೆ!" ಎಂದ ಯಾರೋ ಹಿಂದಿನಿಂದ. ಎಲ್ಲರೂ ನಕ್ಕರು. ನಿಮ್ಮಪ್ಪನೂ ನಕ್ಕ. ನಾನು ಗಸಗಸೆ ತುಂಬಿದ ಕೊಲಾಚೆ ಬನ್ನುಗಳ ತಟ್ಟೆ ಹಿಡಿದು ಸಾಲಿನಿಂದ ಸಾಲಿಗೆ ಹಂಚುತ್ತಿದ್ದೆ. ಹಂಚುತ್ತಲೇ ಇದ್ದೆ. ಆ ಅಸಹ್ಯದಲ್ಲಿ ನನ್ನ ಪಾಲೂ ಇದೆ.

ಮನೆಗೆ ಬಂದ ಮೇಲೆ ಕೇಳಿದೆ, ಯಾಕೆ ಸುಳ್ಳು ಹೇಳಿದೆ ಎಂದು. ನಾಚಿಕೆಪಡುತ್ತಾನೆ ಎಂದುಕೊಂಡಿದ್ದೆ. ಟಿವಿಯಿಂದ ಕಣ್ಣು ಕೀಳದೆ ಹೇಳಿದ: "ಓಡಿಸಿ ಸೋತಿದ್ರೆ ಕೋಚ್ ಸೋತ ಅಂತಾರೆ. ಒದ್ದು ಸೋತ್ರೆ ಹುಡುಗ್ರು ಸೋತ್ರು ಅಂತಾರೆ. ಇಷ್ಟು ವರ್ಷ ಈ ಕೆಲಸ ಹೆಂಗೆ ಉಳಿಸ್ಕೊಂಡೆ ಅನ್ಕೊಂಡಿದೀಯ ಅಡೆಲಾ? ಜೋಲೀನ್ ಸಮುದ್ರದಲ್ಲಿದ್ದಾಳೆ, ಅವಳಿಗೇನು ತಟ್ಟುತ್ತೆ?"

ಆಮೇಲೆ ನಾನು ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ಕೂತೆ. ನೀನು ಹುಡುಗರ ಆಟ ಅಳೆದಿದ್ದೆ, ನಾನು ಅವನನ್ನು ಅಳೆದೆ. ಒಂದೇ ಗಜ ಬಾಕಿ ಇದ್ದದ್ದು ಹನ್ನೊಂದು ವರ್ಷದಲ್ಲಿ ಐವತ್ತೆರಡು ಸಲ. ಅವನು ಓಡಿಸಿದ್ದು ಹದಿನೇಳು ಸಲ, ದಕ್ಕಿದ್ದು ಹನ್ನೆರಡು. ಆ ಹದಿನೇಳೂ ಸಲ ನಾವು ಇಪ್ಪತ್ತು ಅಂಕಕ್ಕೂ ಹೆಚ್ಚು ಮುಂದಿದ್ದೆವು, ಇಲ್ಲವೇ ಆಗಲೇ ಸೋತು ಸುಣ್ಣವಾಗಿದ್ದೆವು. ಪಂದ್ಯ ತಕ್ಕಡಿಯಲ್ಲಿ ತೂಗುತ್ತಿದ್ದಾಗ ಒಂದು ಸಲವೂ ಇಲ್ಲ, ಒಂದೇ ಒಂದು ಸಲವೂ ಇಲ್ಲ. ಇದನ್ನೆಲ್ಲ ನನ್ನ ಕೈಯಾರೆ ಬರೆದು ಮುಚ್ಚಿಟ್ಟಿದ್ದೆ, ಓದಿರಲಿಲ್ಲ. ಹಾಗೆ ಒದ್ದು ಸೋತಾಗಲೆಲ್ಲ ಯಾವನೋ ಒಬ್ಬ ಹುಡುಗನ ಹೆಸರು ಕೆಟ್ಟಿತ್ತು. ಮೂವರ ಹೆಸರು ನನಗೇ ನೆನಪಾಯಿತು. ಒಬ್ಬ ಊರು ಬಿಟ್ಟೇ ಹೋದ.

ಇವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ಲಾನಿಯ ತಂಡದ ಜಾಕೆಟ್ಟು, ನೀಟಾಗಿ ಮಡಿಸಿ ಇಟ್ಟಿತ್ತು. ಎತ್ತಿಕೊಂಡು ಅವರ ಮನೆಗೇ ಹೋದೆ. ಬರ್ನಡೆಟ್ ಒಳಗೆ ಕರೆಯಲಿಲ್ಲ, ಕರೆಯಬೇಕಾಗಿಯೂ ಇರಲಿಲ್ಲ. ಹುಡುಗ ಅವಳ ಹಿಂದೆ ನಿಂತು ಕೇಳಿದ: "ನೀವು ಬರ್ಕೋತಿದ್ರಲ್ಲ ಆಂಟಿ, ನಾನು ನಿಜವಾಗ್ಲೂ ಜಾಗ ಬಿಟ್ನಾ?" ಬಿಡಲಿಲ್ಲ ಕಂದಾ, ಕಾಲು ಜಾರಿತು, ನೀನು ಅಲ್ಲಿ ನಿಲ್ಲಬೇಕಾದ ಪ್ರಮೇಯವೇ ಬರಬಾರದಿತ್ತು ಎಂದೆ. ಅವನು ಅತ್ತ. ಬರ್ನಡೆಟ್ ಮಾತ್ರ ಜಾಕೆಟ್ಟು ತೆಗೆದುಕೊಳ್ಳದೆ, "ಇದನ್ನ ನನ್ನ ಬಾಗಿಲಲ್ಲಿ ಹೇಳಿದ್ರೆ ಏನು ಬಂತು?" ಎಂದು ಕದ ಹಾಕಿಕೊಂಡಳು.

ಡೆಕ್ಕಿನ ಮೇಲೆ ಹುಷಾರಾಗಿ ಓಡಾಡು, ಬಿಸಿಬಿಸಿ ತಿನ್ನು. ನಿನ್ನ ಲೆಕ್ಕ ಸರಿಯಾಗಿಯೇ ಇತ್ತು, ಯಾರು ಏನೇ ಅಂದರೂ ತಲೆ ತಗ್ಗಿಸಬೇಡ. ದೇವರು ನಿನ್ನನ್ನು ಕಾಯಲಿ.

ನಿನ್ನ,
ಅಮ್ಮ

ಮರೆತ ಮಾತು: ಬರ್ನಡೆಟ್‌ಳ ಮನೆಯಿಂದ ನೆಟ್ಟಗೆ ನಮ್ಮ ವಾರಪತ್ರಿಕೆಯ ಕಚೇರಿಗೆ ಹೋಗಿದ್ದೆ. ನಿನ್ನ ಕೋಷ್ಟಕದ ಪ್ರತಿ, ನನ್ನ ಐವತ್ತೆರಡರ ಪಟ್ಟಿ, ಲಾನಿಯ ಕಾಲು ಜಾರಿದ ಪುಟ, ಮೂರೂ ಗುರುವಾರ ಅಚ್ಚಾಗುತ್ತವೆ. ಹೆಸರು ಹಾಕುವುದು ಬೇಡವೇನೋ ಎಂದ ಸಂಪಾದಕ. ಕೋಚ್ ಮೈಲೋ ಹ್ರುಷ್ಕಾನ ಹೆಂಡತಿ ಅಡೆಲಾ ಹ್ರುಷ್ಕಾ ಎಂದು ಪೂರ್ತಿ ಹಾಕಿಸಿದೆ. ನಿಮ್ಮಪ್ಪನಿಗೆ ಇನ್ನೂ ಗೊತ್ತಿಲ್ಲ. ತಂಡದ ಸಾಮಾನು ಹಿಂತಿರುಗಿಸಲು ಇವತ್ತು ಹುಡುಗರೆಲ್ಲ ಮೈದಾನದಲ್ಲಿ ಸೇರುತ್ತಾರೆ; ಇದನ್ನು ಅಂಚೆಗೆ ಹಾಕಿ, ಹಾಗೇ ಅಲ್ಲಿಗೆ ಹೋಗಿ, ಅವರೆಲ್ಲ ಇರುವಾಗಲೇ ಅವನಿಗೆ ಹೇಳುತ್ತೇನೆ.