ತೆಗೆದಿಟ್ಟ ಕಾರ್ಡು

ಗುರುವಾರ, ೧೪ನೇ ತಾರೀಖು

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ನಿನ್ನ ಕಾಗದ ಬಂದು ತಿಂಗಳಾಯಿತು. ಬೈಯಬೇಡ. ಬೈದರೂ ಸರಿಯೇ, ತಪ್ಪು ನನ್ನದೇ. ಆದರೆ "ಸುಖವಾಗಿದ್ದೀಯಾ? ಇದ್ದೇ ಇರ್ತೀಯ ಬಿಡು" ಎಂದು ಪ್ರಶ್ನೆಯನ್ನೂ ಉತ್ತರವನ್ನೂ ನೀನೇ ಬರೆದುಬಿಟ್ಟರೆ ನನಗೆ ಬರೆಯಲು ಏನು ಉಳಿಯುತ್ತದೆ ಹೇಳು?

ಇಲ್ಲಿ ಎಲ್ಲರೂ ಕ್ಷೇಮ. ಇವರೂ ಎಂದಿನಂತೆಯೇ ಇದ್ದಾರೆ. ಮೊನ್ನೆ ಬಟ್ಟೆ ಅಂಗಡಿಯಲ್ಲಿ ನಾನು ಬಾಯಿ ತೆರೆದು ಮೊದಲ ಅಕ್ಷರದಲ್ಲಿ ನಿಂತಿದ್ದೆ, ಅಷ್ಟರಲ್ಲಿ "ಆ ಹಸಿರುದು ಕೊಡಿ" ಎಂದು ಇವರೇ ಮುಗಿಸಿದರು. ನನಗೆ ಬೇಕಾಗಿದ್ದು ನೀಲಿ. ಈಗ ಹಸಿರು ಸ್ವೆಟರ್ ಹಾಕಿಕೊಂಡೇ ಬರೆಯುತ್ತಿದ್ದೇನೆ. ಬೆಚ್ಚಗೇನೋ ಇದೆ.

ತೊದಲುವವಳು ಮಕ್ಕಳಿಗೆ ಮಾತು ಕಲಿಸುವ ಕೆಲಸಕ್ಕೆ ಸೇರಿದಳೆಂದು ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆಯಲ್ಲ? ಮಕ್ಕಳ ಮುಂದೆ ನನಗೆ ತೊದಲು ಬರುವುದೇ ಇಲ್ಲ. ದೊಡ್ಡವರು ಎದುರಿಗೆ ಬಂದರೆ ಮಾತ್ರ ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತೇನೆ.

ನಮ್ಮ ಕೇಂದ್ರಕ್ಕೆ ಆರು ವರ್ಷದ ಒಬ್ಬಳು ಬರುತ್ತಾಳೆ. ನಾನು ಅವಳನ್ನು ಗುಬ್ಬಿ ಎನ್ನುತ್ತೇನೆ. ಕಿವಿ ಚುರುಕು, ಬುದ್ಧಿ ಚುರುಕು, ಬಾಯಲ್ಲಿ ಮಾತ್ರ ಮಾತಿಲ್ಲ. ಅವಳ ಕೊರಳಿಗೆ ಒಂದು ಪುಟ್ಟ ಪುಸ್ತಕ ತೂಗುಹಾಕಿದ್ದೇವೆ. ಅದರಲ್ಲಿ ಕಿತ್ತು ಮತ್ತೆ ಅಂಟಿಸಬಹುದಾದ ಚಿತ್ರದ ಕಾರ್ಡುಗಳಿವೆ: ನೀರು, ಊಟ, ಚೆಂಡು, ಶೂ. ಹೇಳಬೇಕಾದದ್ದನ್ನು ಕಿತ್ತು ನಮ್ಮ ಕೈಗೆ ಕೊಡುತ್ತಾಳೆ. ಅದೇ ಅವಳ ಮಾತು. ಕೆಂಪು ಅಂಗೈಯ ಚಿತ್ರವಿದ್ದರೆ ಅದು "ಬೇಡ". ಅದು ಕೈಗೆ ಸಿಕ್ಕಿದ್ದೇ ತಡ, ಹಾಲು ಬೇಡ, ಸ್ನಾನ ಬೇಡ, ಅಜ್ಜಿಯ ಮುತ್ತೂ ಬೇಡ!

ಅವಳ ಅಮ್ಮ ಬೇಕರಿಯಲ್ಲಿ ಕೆಲಸ ಮಾಡುವವಳು. ಒಂದು ದಿನ ಬಂದು, "ಮೇಡಂ, ಬೆಳಗ್ಗೆ ಎದ್ದರೆ ಆ ಬೇಡ ಕಾರ್ಡನ್ನೇ ಮುಖಕ್ಕೆ ಹಿಡೀತಾಳೆ. ಏಳು ಗಂಟೆಗೆ ನಾನು ಡ್ಯೂಟೀಲಿರ್ಬೇಕು. ಅದೊಂದನ್ನ ತೆಗೆದುಬಿಡಿ, ಕೈ ಮುಗೀತೀನಿ" ಎಂದಳು. ಅದು ಅವಳ ಮೊದಲ ಸ್ವಂತ ಮಾತು, ತೆಗೆಯಬಾರದು ಎಂದು ಹೇಳಹೊರಟೆ. ನಾಲಿಗೆ ಏಳಲಿಲ್ಲ. ಪಕ್ಕದಲ್ಲಿದ್ದ ನಮ್ಮ ದೊಡ್ಡ ಮೇಡಂ, "ಆಯ್ತು ಅಂತಿದಾರೆ, ತೆಗೀತಾರೆ" ಎಂದು ನನ್ನ ಪರವಾಗಿ ಮುಗಿಸಿಬಿಟ್ಟರು. ಮಗುವನ್ನು ಏನಾದರೂ ಕೇಳಿದರೆ ಮನಸ್ಸಿನಲ್ಲೇ ಹತ್ತು ಎಣಿಸಿ ಕಾಯಬೇಕು ಎಂದು ನಮಗೆಲ್ಲ ಕಲಿಸಿದವರೇ ಅವರು. ನಾನು ಕಾರ್ಡು ಕಿತ್ತು ಡ್ರಾಯರಿಗೆ ಹಾಕಿದೆ.

ಮೂರು ವಾರ ಎಲ್ಲರಿಗೂ ಖುಷಿಯೋ ಖುಷಿ. ಮಗು ಎಷ್ಟು ಸುಧಾರಿಸಿದೆ ಎಂದು ನನಗೇ ಹೊಗಳಿಕೆ.

ಈ ಸೋಮವಾರ ಗುಬ್ಬಿ ಹೊಸ ಶೂ ಹಾಕಿಕೊಂಡು ಬಂದಳು. ಬಂದವಳೇ ಶೂ ಕಾರ್ಡು ಕೊಟ್ಟಳು. "ಶೂ! ಜಾಣೆ! ಹೊಸ ಶೂ!" ಎಂದು ಚಪ್ಪಾಳೆ ತಟ್ಟಿದೆ. ಮತ್ತೆ ಕೊಟ್ಟಳು. ಮತ್ತೆ ತಟ್ಟಿದೆ. "ಯಾರೂ ಕೇಳದೆ ತಾನಾಗಿ ಹನ್ನೊಂದು ಸಲ ಹೇಳಿದಳು" ಎಂದು ವರದಿಯಲ್ಲಿ ಹೆಮ್ಮೆಯಿಂದ ಬರೆದೆ.

ಮಂಗಳವಾರ ಅವಳು ಕುಂಟುತ್ತಿದ್ದಳು. ಶೂ ಬಿಚ್ಚಿದರೆ ಕಾಲುಚೀಲ ಹಿಮ್ಮಡಿಗೆ ಅಂಟಿಕೊಂಡಿತ್ತು. ಎರಡೂ ಕಾಲು ಸುಲಿದು ಹಸಿ ಗಾಯ. ಮಗು ಅಳುತ್ತಲೂ ಇರಲಿಲ್ಲ ಅಕ್ಕ. ಹೇಳಿ ಹೇಳಿ ಸಾಕಾಗಿತ್ತೋ ಏನೋ. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಅಂದ್ರು ಅಂಗಡಿಯವ್ರು" ಎನ್ನುತ್ತಾ, ಫೋನು ಮಾಡಿದೊಡನೆ ಬೇಕರಿಯಿಂದ ಬಂದ ಅವಳಮ್ಮ ಮಗುವಿನ ಕಾಲನ್ನು ಮಡಿಲಿಗೆ ಎಳೆದುಕೊಂಡಳು.

ನಾನು ಓಡಿಹೋಗಿ ಡ್ರಾಯರಿನಿಂದ ಕಾರ್ಡು ತಂದು ಗುಬ್ಬಿಯ ಕೈಯಲ್ಲಿಟ್ಟೆ. ಶೂ ಮೇಲೆ ಇಡುತ್ತಾಳೆ ಎಂದುಕೊಂಡಿದ್ದೆ. ಅವಳು ಅದನ್ನು ನನ್ನ ಎದೆಗೆ ಒತ್ತಿ ಹಿಡಿದಳು. ನಾನೇ ಬೇಡ! ಎಷ್ಟು ಹೊತ್ತಾದರೂ ಕೈ ತೆಗೆಯಲಿಲ್ಲ.

ವರದಿಯಲ್ಲಿ ಆ ಸಾಲಿನ ಕೆಳಗೆ "ನಾನು ಕೇಳಿಸಿಕೊಳ್ಳಲಿಲ್ಲ" ಎಂದು ಸೇರಿಸಿದ್ದೇನೆ. ದೊಡ್ಡ ಮೇಡಂ ಮುಖ ಗಂಟಿಕ್ಕಿದರು. ಗುಬ್ಬಿ ಈಗ ಪಕ್ಕದ ಕೋಣೆಯ ಟೀಚರ್ ಹತ್ತಿರ ಹೋಗುತ್ತಾಳೆ. ಹಾಗೆ ಆಗಲಿ ಎಂದು ನಾನೇ ಬರೆದುಕೊಟ್ಟೆ. ಕಾರ್ಡು ಅವಳ ಕೊರಳಲ್ಲೇ ಇದೆ.

ಭಾವನವರಿಗೆ ನಮಸ್ಕಾರ ಹೇಳು. ಮಕ್ಕಳಿಗೆ ನನ್ನ ಆಶೀರ್ವಾದ. ಚೆನ್ನಾಗಿ ಬೆಳೆಯಲಿ, ಬೇಕಾದಷ್ಟು ಎದುರು ಮಾತಾಡಲಿ. ನೀನು ನೂರು ಕಾಲ ಸುಖವಾಗಿರು.

ಇತಿ,
ನಿನ್ನ ತಂಗಿ

ಅಂಚೆಗೆ ಹಾಕುವ ಮುಂಚೆ ಇನ್ನೊಂದು ಮಾತು. ಹನ್ನೆರಡು ವರ್ಷದ ಹಿಂದೆ ಇವರ ಮನೆಯವರು ನಮ್ಮ ಮುಂದಿನ ಕೋಣೆಯಲ್ಲಿ ಕೂತು "ನಿನಗೆ ಒಪ್ಪಿಗೆಯೇನಮ್ಮಾ?" ಎಂದು ನನ್ನನ್ನೇ ಕೇಳಿದರು. ನಾನು ಬಾಯಿ ತೆರೆದಿದ್ದೆ. ಮೊದಲ ಅಕ್ಷರದಲ್ಲಿ ಸಿಕ್ಕಿಕೊಂಡಿದ್ದೆ. ನೀನು ನನ್ನ ಭುಜ ತಬ್ಬಿ, "ಒಪ್ಪಿಗೆ ಅಂತಿದಾಳೆ, ಪಾಪ ನಾಚಿಕೆ" ಅಂದೆ. ಎಲ್ಲರೂ ನಕ್ಕರು. ನೀನು ಪ್ರೀತಿಯಿಂದಲೇ ಹೇಳಿದೆ, ನನಗೆ ಗೊತ್ತು. ಅಕ್ಕ, ನಾನು ಬೇಡ ಅನ್ನುತ್ತಿದ್ದೆ. ಇವತ್ತಿಗೂ ಅದನ್ನೇ ಅನ್ನುತ್ತಿದ್ದೇನೆ. ಉತ್ತರ ಬರೆಯುವ ಮುಂಚೆ ಹತ್ತು ಎಣಿಸು.