ಕೆಂಪಾ, ಹಸಿರಾ

ಅಕ್ಟೋಬರ್ 19, ಸೊಕೊರೊ, ಲಾಡ್ಜಿನ ಕೋಣೆ

ಗಂಡ ಎಲಿಸಿಯೊನನ್ನು ಅವನ ಊರಿನಲ್ಲಿ ಮಣ್ಣು ಮಾಡಿ ಮನೆಗೆ ಹೊರಟ ನಾನು ಮತ್ತು ನಾದಿನಿ ಬೆಲೆನ್ ಇವತ್ತು ದಾರಿಯಲ್ಲಿ ಊಟಕ್ಕೆ ನಿಂತೆವು. ಗೊಜ್ಜು ಸುರಿದು ಕೊಡುವ ರೊಟ್ಟಿಸುರುಳಿ, ಎಂಚಿಲಾಡಾ ಹೇಳಿದೆವು. ಬಡಿಸುವವಳು ಈ ಸೀಮೆಯಲ್ಲಿ ಎಲ್ಲರನ್ನೂ ಕೇಳುವಂತೆ ಕೇಳಿದಳು, "ಮೆಣಸಿನಕಾಯಿ ಗೊಜ್ಜು ಕೆಂಪಾ, ಹಸಿರಾ?"

ಮದುವೆಯಾದಾಗಿನಿಂದ ನಾನು ಕೆಂಪು, ಅವನು ಹಸಿರು. ಅವಳ ಮುಖವನ್ನೇ ನೋಡುತ್ತಾ ಕುಳಿತೆ.

"ಎರಡೂ ಹಾಕಿಸ್ತೀನಿ ಬಿಡಿ ಅಕ್ಕಾ," ಎಂದು ಅವಳೇ ತೀರ್ಮಾನಿಸಿ ಹೋದಳು.

"ನೀವು ಹಸಿರು ಮುಟ್ಟಲ್ವಲ್ಲ ಅತ್ತಿಗೆ," ಎಂದಳು ಬೆಲೆನ್. "ಹುಲ್ಲು ತಿಂತಾನೆ ಅಂತ ಅಣ್ಣನ್ನ ಆಡ್ಕೋತಿದ್ರಿ."

ತಟ್ಟೆಯ ಎರಡೂ ಬದಿ ತಿಂದೆ. ಖಾರಕ್ಕೆ ಬೆಲೆನ್‌ಳ ಕಣ್ಣು ಮೂಗೆಲ್ಲ ಸುರಿಯುತ್ತಿತ್ತು. ನನಗೆ ಬಿಸಿ ಮಾತ್ರ ಗೊತ್ತಾಯಿತು. ಮಣ್ಣು ಹಾಕುವಾಗ ಅಳದ ನಾನು ಇಲ್ಲಾದರೂ ಅಳಲಿ ಎಂದೋ ಏನೋ, ಅವಳು ತನ್ನ ಕರವಸ್ತ್ರವನ್ನು ನನ್ನ ಕಡೆ ಸರಿಸಿದಳು. ಮಡಚಿ ವಾಪಸು ಕೊಟ್ಟೆ.

ಹೋದ ತಿಂಗಳಷ್ಟೇ ಅವನು ಒಂದು ಮೂಟೆ ಹಸಿಮೆಣಸಿನಕಾಯಿ ಸುಡಿಸಿ ತಂದು, ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿ ಫ್ರೀಜರಿನಲ್ಲಿಟ್ಟಿದ್ದ. ಚಳಿಗಾಲ ಪೂರ್ತಿ ಅವನೊಬ್ಬನಿಗೆ ಸಾಲುವಷ್ಟಿದೆ. ಇನ್ನು ನಾನೇ ತಿನ್ನಬೇಕು. ತಿಂದರೆ ಮುಗಿಯುತ್ತದೆ, ಮುಗಿದ ಮೇಲೆ ಅವನು ಕೈಯಾರೆ ತುಂಬಿಟ್ಟದ್ದು ಮನೆಯಲ್ಲಿ ಏನೂ ಉಳಿಯುವುದಿಲ್ಲ.